ರೇಷ್ಮೆ ದಾರಿಗೂ ಮೊದಲು ಏಷ್ಯಾದಲ್ಲಿ ನೆಲದ ಮೇಲಿನ ದೂರದ ವ್ಯಾಪಾರ ಇತ್ತಾ?

ಖಂಡಿತ ಇತ್ತು, ಸಾವಿರಾರು ವರ್ಷ ಮೊದಲೇ. ಲಾಪಿಸ್ ಲಾಜುಲಿ ಅನ್ನೋ ನೀಲಿ ಕಲ್ಲನ್ನೇ ನೋಡಿ. ಅದರ ಹೆಸರಾಂತ ಗಣಿ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಲ್ಲಿದೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ನವಶಿಲಾಯುಗದ ಸಮಾಧಿಗಳಲ್ಲೇ ಈ ಕಲ್ಲಿನ ಮಣಿಗಳು ಸಿಕ್ಕಿವೆ. ಕ್ರಿ.ಪೂ. 2500ರ ಸುಮಾರಿನ ಇರಾಕಿನ ‘ಊರ್’ ಅನ್ನೋ ಪ್ರಾಚೀನ ನಗರದ ರಾಜಸಮಾಧಿಗಳಲ್ಲಂತೂ ರಾಶಿ ರಾಶಿ.

ಒಬ್ಬನೇ ವ್ಯಾಪಾರಿ ಅಷ್ಟು ದೂರ ನಡೆಯಬೇಕಿರಲಿಲ್ಲ. ಸರಕು ಊರಿಂದೂರಿಗೆ ಕೈ ಬದಲಾಗುತ್ತಾ ಸಾಗಬಹುದಿತ್ತು. ಪೂರ್ವ ಇರಾನಿನ ಶಹರ್-ಎ-ಸೊಖ್ತಾದಲ್ಲಿ ಲಾಪಿಸ್ ಕೆತ್ತಿದ ಚೂರುಗಳು ಬಹಳ ಸಿಕ್ಕಿವೆ. ಬೇಡದ ಭಾಗ ಅಲ್ಲೇ ತೆಗೆದರೆ ಹೊರೆ ಹಗುರ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಅಚ್ಚರಿ ತರುವುದು ಉತ್ತರ ಅಫ್ಘಾನಿಸ್ತಾನದ ಶೋರ್ತುಗೈ ಅನ್ನೋ ಜಾಗ. ಹರಪ್ಪ ಸಂಸ್ಕೃತಿಯ ಜನ ಹಿಂದೂಕುಶ್ ದಾಟಿ, ಆಮು ದರಿಯಾ ನದಿಯ ಹತ್ತಿರ, ಈ ಗಣಿಗಳ ಕಡೆಯಲ್ಲೇ ನೆಲೆ ಮಾಡಿಕೊಂಡಿದ್ದರು. ಅಲ್ಲಿ ಘೇಂಡಾಮೃಗದ ಚಿತ್ರವಿರುವ ಸಿಂಧೂ ಮುದ್ರೆಯೂ ಸಿಕ್ಕಿದೆ.