ವ್ಯಾನಿನೊಳಗಿನ ಸೈಕಲ್ ಕ್ಲ್ಯಾಂಪು ಕಿತ್ತುಬರುವುದಕ್ಕೆ
ಮಾರುತಿ ಈಕೋ ವ್ಯಾನಿನ ಹಿಂದಿನ ಸೀಟು ತೆಗೆದು ಹಾಸಿದ ಪ್ಲೈವುಡ್ಡಿನಿಂದ ಫೋರ್ಕ್ ಕ್ಲ್ಯಾಂಪು (ಮುಂದಿನ ಚಕ್ರ ಬಿಚ್ಚಿದ ಸೈಕಲ್ಲನ್ನು ಅದರ ಮುಂದಿನ ಕವಲಿನಲ್ಲಿ, ಅಂದರೆ ಫೋರ್ಕಿನಲ್ಲಿ, ಹಿಡಿದು ನಿಲ್ಲಿಸುವ ಸಾಧನ) ಹಂಪ್ ದಾಟಿದಾಗಲೆಲ್ಲ ಕಿತ್ತುಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಮರಕ್ಕೆ ಹಾಕುವ ಸ್ಕ್ರೂಗಳೇ ಕಾರಣ. ಓಲಾಡುವ ಸೈಕಲ್ಲು ತನ್ನ ಇಡೀ ಎತ್ತರದಿಂದ ಹಾರೆಯಂತೆ ಅವುಗಳನ್ನು ಮೀಟುತ್ತದೆ.

ಮೊದಲು 18 ಮಿ.ಮೀ. ದಪ್ಪದ ಹಲಗೆಯನ್ನು ಆರಪಾರ ಕೊರೆದು, ಅಡಿಯಲ್ಲಿ ಅಗಲವಾದ ವಾಷರು ಮತ್ತು ಅದುರಿದರೂ ಸಡಿಲವಾಗದ ನೈಲಾಕ್ ನಟ್ಟು ಕೊಟ್ಟು, ಕ್ಲ್ಯಾಂಪನ್ನು ಬೋಲ್ಟಿನಿಂದ ಬಿಗಿಯಿರಿ. ನಟ್ಟುಗಳ ಉಬ್ಬಿನಿಂದ ಹಲಗೆ ಕುಂಟುತ್ತದೆಯಾದ್ದರಿಂದ ಅದರಡಿಗೆ ಎರಡು ರಬ್ಬರ್ ಪಟ್ಟಿ ಅಂಟಿಸಿ. ಅನಂತರ ಹಲಗೆಯನ್ನು ಸೀಟಿನ ಬೋಲ್ಟುಗಳಿದ್ದ ರಂಧ್ರಗಳಿಗೇ ಕಟ್ಟಿ. ವ್ಯಾನಿನ ನೆಲಕ್ಕೆ ಹೊಸ ರಂಧ್ರ ಕೊರೆಯುವ ಸಾಹಸ ಬೇಡ, ಕೆಳಗೆ ಇಂಧನದ ಕೊಳವೆಗಳಿರುತ್ತವೆ. ಹಿಂದಿನ ಚಕ್ರಕ್ಕೂ ಒಂದು ಪಟ್ಟಿ ಬಿಗಿಯದಿದ್ದರೆ ಇಷ್ಟೆಲ್ಲ ಮಾಡಿಯೂ ಸೈಕಲ್ಲಿನ ಹಿಂಭಾಗ ಕುಣಿಯುತ್ತದೆ. ಎರಡು ಸೈಕಲ್ಲುಗಳಾದರೆ ಹ್ಯಾಂಡಲುಗಳು ತಾಗದಂತೆ ಒಂದನ್ನು ಹಿಂದುಮುಂದಾಗಿ ನಿಲ್ಲಿಸಿ.

ನಿಮ್ಮ ಫೋರ್ಕ್ ಯಾವ ಬಗೆಯದೆಂದು ಪ್ರಶ್ನೆಯಲ್ಲಿಲ್ಲ. ಕ್ವಿಕ್ ರಿಲೀಸ್ (ಸಣ್ಣ ಸನ್ನೆ ತಿರುಗಿಸಿ ಚಕ್ರ ಬಿಚ್ಚುವ ಬಗೆ) ಆಗಿದ್ದರೆ ಸಾಮಾನ್ಯವಾದ 9 ಮಿ.ಮೀ. ಕ್ಲ್ಯಾಂಪೇ ಸಾಕು, ಥ್ರೂ ಆಕ್ಸಲ್ (ಫೋರ್ಕಿನ ತುದಿಯ ರಂಧ್ರಗಳಲ್ಲಿ ತೂರಿ ಕೂರುವ ದಪ್ಪ ಅಚ್ಚು) ಆಗಿದ್ದರೆ 12 ಅಥವಾ 15 ಮಿ.ಮೀ.ಯದು ಬೇಕಾದೀತು, ಆದ್ದರಿಂದ ಕೊಳ್ಳುವ ಮುನ್ನ ಆಕ್ಸಲನ್ನು ಅಳೆದುಕೊಳ್ಳಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಾದರೆ, ಚಕ್ರ ಬಿಚ್ಚಿದೊಡನೆ ಬ್ರೇಕ್ ಪ್ಯಾಡುಗಳ ನಡುವೆ ಮಡಿಚಿದ ರಟ್ಟನ್ನು ಸಿಕ್ಕಿಸಿ. ಆಗ ದಾರಿಯಲ್ಲಿ ಬ್ರೇಕ್ ಲಿವರು ಅದುಮಿದರೂ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ.