ಹಿಮ ಬೀಳುವ ಮಹಾನಗರಕ್ಕೆ ಮೊದಲ ಸಲ ಹೋಗುವವರು ಅಲ್ಲಿನ ಚಳಿಗಾಲದಿಂದ ಏನನ್ನು ನಿರೀಕ್ಷಿಸಬೇಕು?

ಬೆಚ್ಚಗಿನ ಹವೆಯ ಸಣ್ಣ ಊರಿನಲ್ಲಿ ಬೆಳೆದ ನೀವು ಕೆಲಸದ ನಿಮಿತ್ತ ಹಿಮ ಬೀಳುವ ದೊಡ್ಡ ನಗರಕ್ಕೆ ಹೋಗಲಿದ್ದೀರಿ. ಅಲ್ಲಿ ಉಷ್ಣಾಂಶ ಎಷ್ಟಕ್ಕೆ ಇಳಿಯುತ್ತದೆ, ಅದನ್ನು ತಡೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ಹಾಗೆಯೇ ಹೋದವನು, ಅಂಥ ನಗರದಲ್ಲಿ ಒಂಬತ್ತು ಚಳಿಗಾಲ ಕಳೆದಿದ್ದೇನೆ. ಖಂಡಿತ ತಡೆದುಕೊಳ್ಳಬಹುದು. ಆದರೆ ಉಷ್ಣಾಂಶದ ಅಂಕಿಯೊಂದನ್ನೇ ನೋಡಿ ಸಿದ್ಧತೆ ಮಾಡಿಕೊಂಡರೆ ಮೊದಲ ವರ್ಷ ಕಷ್ಟಪಡುತ್ತೀರಿ, ಏಕೆಂದರೆ ಮೈಗೆ ತಾಗುವ ಚಳಿಯನ್ನು ನಿರ್ಧರಿಸುವುದು ಗಾಳಿ, ತೇವ, ಬೆಳಕು ಮತ್ತು ನೀವು ಹಿಡಿಯುವ ಮನೆ.

ಹವಾಮಾನ ವರದಿಯಲ್ಲಿ ಬರುವ ಅಂಕಿಯನ್ನು ಸಾಮಾನ್ಯವಾಗಿ ವಿಮಾನ ನಿಲ್ದಾಣದಂಥ ಬಯಲು ಜಾಗದಲ್ಲಿ ಅಳೆದಿರುತ್ತಾರೆ. ನಗರದ ನಡುಭಾಗ ಹಾಗಿರುವುದಿಲ್ಲ. ಕಲ್ಲು, ಕಾಂಕ್ರೀಟು, ಡಾಂಬರು ಹಗಲಿಡೀ ಹೀರಿಕೊಂಡ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುತ್ತವೆ. ಬಿಸಿ ಮಾಡಿದ ಕಟ್ಟಡಗಳೂ ವಾಹನಗಳೂ ಅದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಲಂಡನ್ ನಗರದ ರಾತ್ರಿಗಳು ಸುತ್ತಲಿನ ಹಳ್ಳಿಗಾಡಿಗಿಂತ ಬೆಚ್ಚಗಿರುವುದನ್ನು ಹವಾಮಾನ ಅಧ್ಯಯನಕಾರ ಲ್ಯೂಕ್ ಹೋವರ್ಡ್ ಇನ್ನೂರು ವರ್ಷಗಳ ಹಿಂದೆಯೇ ಅಳೆದು ದಾಖಲಿಸಿದ್ದರು. ಆದ್ದರಿಂದ ಹೊರವಲಯದಲ್ಲಿ ಮನೆ ಹಿಡಿದರೆ, ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನಡುಪೇಟೆಗಿಂತ ಹಲವು ಡಿಗ್ರಿ ಹೆಚ್ಚು ಚಳಿಯನ್ನು ನಿರೀಕ್ಷಿಸಿ. ಒಂದೇ ಸಂಜೆ ನಡುಪೇಟೆಯಲ್ಲಿ ಮಳೆ, ಅಂಚಿನ ಬಡಾವಣೆಯಲ್ಲಿ ಹಿಮ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಗಾಳಿ. ಇದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಆದ್ದರಿಂದ ನಿಮಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿಯಲ್ಲಿ ಒಂದು ಪಾಲು ಗೋಡೆಗುಂಟ ಕೆಳಗಿಳಿದು ಬೀದಿಗೆ ಬರುತ್ತದೆ. ಎರಡು ಗೋಪುರಗಳ ನಡುವಿನ ಕಿರಿದಾದ ಜಾಗದಲ್ಲಿ ನುಗ್ಗುವಾಗ ಅದರ ವೇಗ ಇನ್ನಷ್ಟು ಹೆಚ್ಚುತ್ತದೆ. ನಮ್ಮ ಕಚೇರಿಯ ಪಕ್ಕದಲ್ಲಿ ಅಂಥದೊಂದು ಓಣಿ ಇದೆ. ರೈಲು ನಿಲ್ದಾಣದಿಂದ ಅದರ ಬಾಯಿಯವರೆಗೆ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡೇ ಆರಾಮವಾಗಿ ಬರುತ್ತೇನೆ. ಮೂಲೆ ತಿರುಗಿದೊಡನೆ ಕಣ್ಣಲ್ಲಿ ನೀರು ಚಿಮ್ಮುತ್ತದೆ, ಕಿವಿಯ ತುದಿ ಉರಿಯುತ್ತದೆ, ನಲವತ್ತು ಹೆಜ್ಜೆ ಮುಗಿಯುವ ಹೊತ್ತಿಗೆ ಗಲ್ಲ ಜೋಮು ಹಿಡಿದು ಮಾತು ತೊದಲುತ್ತದೆ. ಉಷ್ಣಾಂಶ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಹೆಚ್ಚುಕಡಿಮೆ ಮೈನಸ್ 20 ಡಿಗ್ರಿಯಷ್ಟು ಚಳಿಯಾಗಿ ತಾಗುತ್ತದೆ. ನಮ್ಮ ಮೈಶಾಖವು ಚರ್ಮದ ಸುತ್ತ ಬಿಸಿ ಗಾಳಿಯ ತೆಳು ಪದರವೊಂದನ್ನು ಕಟ್ಟಿಕೊಂಡಿರುತ್ತದೆ, ಬೀಸುಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ವರದಿಯಲ್ಲಿ 'ಅನುಭವಕ್ಕೆ ಬರುವ ಉಷ್ಣಾಂಶ' ಎಂದು ಬೇರೆಯಾಗಿ ಕೊಡುವ ಅಂಕಿಯನ್ನೇ ನೋಡಿ ಬಟ್ಟೆ ತೊಡಿ. ದಪ್ಪ ಕೋಟಿಗಿಂತ ಗಾಳಿ ತೂರದ ಹೊರಪದರ, ಕಿವಿ ಮುಚ್ಚುವ ಟೋಪಿ ಮತ್ತು ಒಳ್ಳೆಯ ಕೈಗವಸು ನನಗೆ ಹೆಚ್ಚು ನೆರವಾಗಿವೆ. ಮೈಗೆ ಅಂಟುವ ಒಳಪದರ ಮಾತ್ರ ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ನಿಂತಲ್ಲೇ ಮೈ ಕೊರೆಯುತ್ತದೆ.

ವಿಚಿತ್ರವೆನಿಸಬಹುದು, ಆದರೆ ಮೈನಸ್ 10 ಡಿಗ್ರಿಯ ಒಣ ದಿನಕ್ಕಿಂತ ಸೊನ್ನೆಯ ಆಸುಪಾಸಿನ ಒದ್ದೆ ದಿನಗಳೇ ಹೆಚ್ಚು ತೊಂದರೆ ಕೊಡುತ್ತವೆ. ಹಗಲು ಕರಗಿದ ಹಿಮ ಕಾಲುದಾರಿಯಲ್ಲಿ ಕೆಸರಾಗಿ, ರಾತ್ರಿ ಗಾಜಿನಂಥ ತೆಳು ಮಂಜುಗಡ್ಡೆಯಾಗುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ, ಅದರಡಿಯ ಕಪ್ಪು ಡಾಂಬರು ಮಾತ್ರ ಕಾಣುತ್ತದೆ. ಮೊದಲ ವರ್ಷ ಫೆಬ್ರುವರಿಯ ಒಂದು ಬೆಳಿಗ್ಗೆ ಮನೆಯ ಮುಂದಿನ ಮೆಟ್ಟಿಲು ಬರಿದೇ ಒದ್ದೆಯಾಗಿದೆಯೆಂದು ತಿಳಿದು ಕಾಲಿಟ್ಟು ಬಿದ್ದೆ. ಮಣಿಕಟ್ಟಿನ ಬಾವು ಇಳಿಯಲು ಮೂರು ವಾರ ಬೇಕಾಯಿತು. ಸೇತುವೆಗಳ ಮೇಲೆ ಇನ್ನೂ ಹೆಚ್ಚು ಎಚ್ಚರವಿರಲಿ, ಅಡಿಯಿಂದಲೂ ತಣ್ಣನೆಯ ಗಾಳಿ ತಾಗುವುದರಿಂದ ಅವು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ನಗರಾಡಳಿತ ಉಪ್ಪು ಚೆಲ್ಲುತ್ತದೆ ನಿಜ, ಆದರೆ ಮೈನಸ್ 10ರ ಕೆಳಗೆ ಸಾಮಾನ್ಯ ಉಪ್ಪಿನ ಶಕ್ತಿ ಬಹಳ ಕುಂದುತ್ತದೆ. ನೀರು ಒಳಗಿಳಿಯದ, ಅಡಿಭಾಗದಲ್ಲಿ ಆಳವಾದ ಗೀರುಗಳಿರುವ ಬೂಟುಗಳನ್ನು ಮೊದಲ ವಾರದಲ್ಲೇ ಕೊಳ್ಳಿ.

ಗಾಳಿ ಪೂರ್ತಿ ನಿಂತ ದಿನಗಳಿಗೆ ಬೇರೆಯದೇ ಸಮಸ್ಯೆಯಿದೆ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂತು, ಹೊಗೆ ಮೇಲೇರಲಾರದೆ ಬೀದಿಯಲ್ಲೇ ಉಳಿಯುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಾವಿರಾರು ಜನರ ಪ್ರಾಣ ತೆಗೆದ ಹೊಗೆಮಂಜು ಇಂಥ ಸ್ಥಿತಿಯಲ್ಲೇ ಕವಿದದ್ದು. ನಿಮಗೆ ಉಬ್ಬಸವಿದ್ದರೆ ಚಳಿಗಾಲದಲ್ಲಿ ವಾಯು ಗುಣಮಟ್ಟದ ಸೂಚ್ಯಂಕವನ್ನು ದಿನವೂ ನೋಡಿ.

ಚಳಿಗಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಕತ್ತಲೆ. ಡಿಸೆಂಬರ್ 21ರ ಸುಮಾರಿಗೆ ಉತ್ತರದ 40ನೇ ಅಕ್ಷಾಂಶದಲ್ಲಿ ಹಗಲು ಒಂಬತ್ತು ಗಂಟೆಗಳಿಗಿಂತ ತುಸು ಹೆಚ್ಚು, 50ರಲ್ಲಿ ಎಂಟು ಗಂಟೆಗಳ ಆಸುಪಾಸು, 60ರಲ್ಲಿ ಆರಕ್ಕಿಂತಲೂ ಕಡಿಮೆ. ಅದರಲ್ಲೂ ಕಟ್ಟಡಗಳ ಸಾಲು ತಗ್ಗಿನಲ್ಲಿ ಸಾಗುವ ಸೂರ್ಯನನ್ನು ಮರೆಮಾಡುವುದರಿಂದ, ಇಡೀ ವಾರ ಮೈಮೇಲೆ ಬಿಸಿಲೇ ಬೀಳದಿರಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು ನಿಮಿಷವಾದರೂ ಹೊರಗೆ ನಡೆಯಿರಿ. ಮನಸ್ಸು ಕುಗ್ಗುತ್ತಾ ಹೋಗಿ ವಾರಗಟ್ಟಲೆ ಹಾಗೆಯೇ ಉಳಿದರೆ ವೈದ್ಯರನ್ನು ಕಾಣಲು ದಯವಿಟ್ಟು ಹಿಂಜರಿಯಬೇಡಿ. ಡಿಸೆಂಬರ್ ದಾಟಿದರೆ ಹಗಲು ಉದ್ದವಾಗುತ್ತದೆಯಾದರೂ ಚಳಿ ಕಡಿಮೆಯಾಗುವುದಿಲ್ಲ. ನೆಲ ಮತ್ತು ನೀರು ತಣಿಯಲು ಹೊತ್ತು ಹಿಡಿಯುವುದರಿಂದ ಅತಿ ಹೆಚ್ಚು ಚಳಿಯ ದಿನಗಳು ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತವೆ.

ಕೊನೆಯದಾಗಿ ಮನೆ. ಮೈನಸ್ 10 ಡಿಗ್ರಿಯ ಗಾಳಿಯಲ್ಲಿ ಇರಬಲ್ಲ ನೀರಾವಿ ಅತ್ಯಲ್ಪ. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣಾಂಶದಲ್ಲಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇಕಡಾ 12ರ ಆಸುಪಾಸಿಗೆ ಇಳಿಯುತ್ತದೆ. ತುಟಿ ಒಡೆಯುವುದು, ಮೂಗಿನಲ್ಲಿ ರಕ್ತ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆನ್ನುವ ವಿದ್ಯುತ್ತು, ಇವೆಲ್ಲ ಇದರಿಂದಲೇ, ಗಾಬರಿಯಾಗಬೇಡಿ. ಇಂಧನ ಉರಿಸುವ ಹೀಟರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ; ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆ ನೋಡಲು ಸಾಧ್ಯವಾದರೆ ಗಾಳಿ ಬೀಸುವ ಸಂಜೆಯೇ ಹೋಗಿ, ಕಿಟಕಿಯ ಚೌಕಟ್ಟಿನ ಗುಂಟ ಅಂಗೈ ಹಿಡಿದು ನೋಡಿ. ಬಿರುಕಿನಿಂದ ತಣ್ಣನೆಯ ಎಳೆಯೊಂದು ಅಂಗೈಗೆ ತಾಗಿದರೆ, ಅದನ್ನು ಸರಿಪಡಿಸಿಕೊಡಲು ಒಪ್ಪಿದ ಮೇಲಷ್ಟೇ ಕರಾರಿಗೆ ಸಹಿ ಹಾಕಿ.