ಹಿಂದಿನ ಗಾಜು ಇಳಿಯಿತು, ಏರಲಿಲ್ಲ: ಮೋಟರ್‌ಗೆ ದುಡ್ಡು ಸುರಿಯುವ ಮೊದಲು

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟ. ಚಿಕ್ಕಪ್ಪ ಬೆಂಗಳೂರಿನಲ್ಲಿ ಒಬ್ಬರಿಂದ ಕೊಂಡು ತಂದ 1993ರ ಟೊಯೋಟಾ ಹೈಲಕ್ಸ್ ಸರ್ಫ್ ಡೀಸೆಲ್ ಗಾಡಿಯನ್ನು ಇನ್ನೂ ಓಡಿಸುತ್ತಿದ್ದೇವೆ. ಅದರ ಹಿಂದಿನ ಬಾಗಿಲಿನ ಗಾಜು ಸ್ವಿಚ್ ಒತ್ತಿದರೆ ಬಾಗಿಲೊಳಗೆ ಇಳಿಯುತ್ತದೆ. ಹೋದ ವಾರ ಕೊಟ್ಟಿಗೆಹಾರದಲ್ಲಿ ಚೀಲ ಇಳಿಸಲು ಗಾಜು ಇಳಿಸಿದೆವು, ಮತ್ತೆ ಏರಲೇ ಇಲ್ಲ. ಸ್ವಿಚ್ ಒತ್ತಿದರೆ ಎಲ್ಲೋ ಟಕ್ ಅನ್ನುತ್ತದೆ, ಅಷ್ಟೆ. ಬಾಗಿಲನ್ನು ಜೋರಾಗಿ ಹಾಕಿದರೆ ಒಮ್ಮೊಮ್ಮೆ ಎರಡು ಇಂಚು ಏರಿ ನಿಲ್ಲುತ್ತದೆ. ಗ್ಯಾರೇಜಿನವರು ಮೋಟರ್ ಹೋಗಿದೆ, ಪೂರ್ತಿ ಸೆಟ್ ತರಿಸಬೇಕು, ಇಪ್ಪತ್ತು ಸಾವಿರ ಆಗುತ್ತದೆ ಅಂದರು. ಸದ್ಯ ಟಾರ್ಪಾಲ್ ಕಟ್ಟಿಕೊಂಡು ಓಡಾಡುತ್ತಿದ್ದೇವೆ. ಏನು ಮಾಡಲಿ?

ಉತ್ತರ: ಮೊದಲು ಆ ಇಪ್ಪತ್ತು ಸಾವಿರ ಜೇಬಲ್ಲೇ ಇರಲಿ. ಸತ್ತ ಮೋಟರ್ ಬಾಗಿಲು ದಡಾರನೆ ಹಾಕಿದ ಕೂಡಲೇ ಎದ್ದು ಎರಡು ಇಂಚು ಗಾಜು ಎತ್ತುವುದು ಅಪರೂಪ. ನೀವು ಬರೆದಿರುವ ಆ ಒಂದು ಸಾಲು ಗ್ಯಾರೇಜಿನವರ ಮಾತಿಗಿಂತ ನನಗೆ ಜಾಸ್ತಿ ಹೇಳಿತು. ಬಾಗಿಲು ಅಲ್ಲಾಡಿದರೆ ಕೆಲಸ ಮಾಡುತ್ತದೆ ಅಂದರೆ, ಬಾಗಿಲು ಅಲ್ಲಾಡುವ ಜಾಗದಲ್ಲೇ ಏನೋ ಬಿಟ್ಟಿದೆ.

ರಿಪೇರಿಗೆ ಮುಂಚೆ ಒಂದು ಮಾತು. ಟಾರ್ಪಾಲ್ ಕಟ್ಟಿ ಘಾಟಿಯಲ್ಲಿ ಓಡಾಡಬೇಡಿ. ಗಾಡಿ ಓಡುವಾಗ ಅದರ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸೈಲೆನ್ಸರ್ ಹೊಗೆ ಅಲ್ಲೇ ಸುತ್ತಿ ತೆರೆದ ಹಿಂಗಾಜಿನಿಂದ ಒಳಗೆ ಬರುತ್ತದೆ. ಡೀಸೆಲ್ ಹೊಗೆಯಾದರೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಅದರಲ್ಲಿ ಸೇರಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಅದು ಇನ್ನೂ ಜಾಸ್ತಿ. ಹಿಂದಿನ ಸೀಟಿನ ಮಕ್ಕಳು ತಲೆನೋವು ಅಂದರೆ ಚಾರ್ಮಾಡಿ ತಿರುವುಗಳ ಮೇಲೆ ತಪ್ಪು ಹಾಕುತ್ತೇವೆ. ಹೋಗಲೇಬೇಕಾದರೆ ಮುಂದಿನ ಗಾಜು ಇಳಿಸಿ, ಫ್ಯಾನ್ ಹಾಕಿಕೊಂಡು ಹೋಗಿ, ಹಿಂದೆ ಯಾರನ್ನೂ ಕೂರಿಸಬೇಡಿ.

ಈಗ ಗಾಜಿನ ವಿಷಯ. ಇಂಥ ಮೋಟರ್‌ಗೆ ಸಾಮಾನ್ಯವಾಗಿ ಎರಡೇ ವೈರ್ ಹೋಗುತ್ತವೆ. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಟ್ಟರೆ ಗಾಜು ಇಳಿಯುತ್ತದೆ, ಅದಲು ಬದಲು ಮಾಡಿದರೆ ಏರುತ್ತದೆ. ಸ್ವಿಚ್ಚೂ, ಸ್ವಿಚ್ ಹೇಳಿದಂತೆ ದೊಡ್ಡ ಕರೆಂಟ್ ಹರಿಸುವ ರಿಲೇಯೂ ಮಾಡುವುದು ಈ ಅದಲು ಬದಲು ಕೆಲಸವನ್ನೇ. ಆದ್ದರಿಂದ ಗಾಜು ಚೆನ್ನಾಗಿ ಇಳಿದು ಏರುವುದಿಲ್ಲ ಎಂದರೆ ಮೋಟರ್ ಮೇಲೆ ಅನುಮಾನ ಕೊನೆಗೆ ಬರಬೇಕು, ಯಾಕೆಂದರೆ ಅದೇ ಮೋಟರ್, ಅದೇ ಎರಡು ವೈರ್. ಆದರೆ ಇಳಿಯುವಾಗ ಗಾಜಿನ ಭಾರವೇ ಸಹಾಯ ಮಾಡುತ್ತದೆ, ಏರುವಾಗ ಭಾರ ಎತ್ತಬೇಕು. ಅರ್ಧ ಬಿಟ್ಟ ವೈರ್ ಇಳಿಸಲು ಸಾಕಾಗುತ್ತದೆ, ಏರಿಸಲು ಸಾಲುವುದಿಲ್ಲ. ನಿಮ್ಮ ಗಾಡಿಯಲ್ಲಿ ಆಗಿರುವುದು ಬಹುಶಃ ಇದೇ.

ಪ್ಯಾನಲ್ ಬಿಚ್ಚುವ ಮೊದಲು ರಾತ್ರಿ ಒಂದು ಸುಲಭದ ಪರೀಕ್ಷೆ ಮಾಡಿ. ಎಂಜಿನ್ ಆಫ್, ಕೀ ಆನ್, ಒಳಗಿನ ಲೈಟ್ ಹಾಕಿ. ಒಬ್ಬರು ಗಾಜು ಏರಿಸುವ ಸ್ವಿಚ್ ಒತ್ತಲಿ, ಇನ್ನೊಬ್ಬರು ಲೈಟ್ ನೋಡಲಿ. ಲೈಟ್ ಮಂಕಾದರೆ ಮೋಟರ್ ತನಕ ಕರೆಂಟ್ ಹೋಗುತ್ತಿದೆ, ಆದರೆ ಮೋಟರ್ ತಿರುಗಲು ಒದ್ದಾಡುತ್ತಿದೆ, ಅಂದರೆ ಗಾಜು ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಮೋಟರ್ ಒಳಗೆ ಜಾಮ್. ಲೈಟ್ ಕದಲದಿದ್ದರೆ ಕರೆಂಟೇ ಹೋಗುತ್ತಿಲ್ಲ. ಆಗ ಮೋಟರ್ ಬೈದು ಪ್ರಯೋಜನವಿಲ್ಲ, ದಾರಿ ಹುಡುಕಬೇಕು. ಹಾಗೆಯೇ ಹಿಂದಿನ ಬಾಗಿಲಿನ ಕೀ ತೂತಲ್ಲಿ ಕೀ ತಿರುಗಿಸಿಯೂ ನೋಡಿ. ಕೀಗೆ ಏರುತ್ತದೆ, ಒಳಗಿನ ಸ್ವಿಚ್‌ಗೆ ಏರುವುದಿಲ್ಲ ಅಂದರೆ ಮುಂದಿನ ಸ್ವಿಚ್ ಕಾಂಟಾಕ್ಟ್ ಕಪ್ಪಾಗಿದೆ, ಕಾಂಟಾಕ್ಟ್ ಕ್ಲೀನರ್ ಹೊಡೆದರೆ ಅರ್ಧ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ. ನಿಮಗೆ ಎರಡಕ್ಕೂ ಏರುವುದಿಲ್ಲ ಅಂತ ಇಟ್ಟುಕೊಂಡೇ ಮುಂದೆ ಹೇಳುತ್ತೇನೆ.

ನಿಮ್ಮ ಅದೃಷ್ಟ, ಗಾಜು ಕೆಳಗೆ ನಿಂತಿದೆ. ಈ ಗಾಡಿಯಲ್ಲಿ ಗಾಜು ಇಳಿಯದೆ ಬಾಗಿಲು ತೆರೆಯುವುದಿಲ್ಲ. ಮೇಲೆ ನಿಂತಿದ್ದರೆ ಹಿಂದಿನ ಸೀಟು ಮಡಚಿ, ಒಳಗೆ ಮಲಗಿಕೊಂಡು ಪ್ಯಾನಲ್ ಬಿಚ್ಚಬೇಕಿತ್ತು. ಬಾಗಿಲ ಒಳಗಿನ ಹೊದಿಕೆ ತೆಗೆದರೆ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಅದನ್ನು ಹರಿಯದೆ ನಿಧಾನವಾಗಿ ಬಿಡಿಸಿ, ಮತ್ತೆ ಅಂಟಿಸಬೇಕು. ಇದನ್ನು ಕಿತ್ತು ಎಸೆದ ಗಾಡಿಗಳನ್ನು ನಾನು ದಿನಾ ನೋಡುತ್ತೇನೆ. ಹೊದಿಕೆ ಒದ್ದೆಯಾಗಿ ಉಬ್ಬಿ, ಗಾಡಿಯೊಳಗೆಲ್ಲ ಬೂಷ್ಟು ವಾಸನೆ.

ಮೋಟರ್ ಕನೆಕ್ಟರ್ ಕಳಚಿ. ಇಲ್ಲಿ ಎಲ್ಲರೂ ಮೀಟರ್ ಹಿಡಿಯುತ್ತಾರೆ, ಎಲ್ಲರೂ ಮೋಸ ಹೋಗುತ್ತಾರೆ. ಹತ್ತಾರು ಎಳೆಯ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ. ಮೋಟರ್ ಎಳೆಯುವಾಗ ಆ ಒಂದು ಎಳೆ ಕೈ ಎತ್ತುತ್ತದೆ. ಹಾಗಾಗಿ ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಹಾಕಿ ಕನೆಕ್ಟರ್‌ಗೆ ಕೊಡಿ. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಮೋಟರ್‌ನ ಹತ್ತಿರ ಹತ್ತಿರ. ಏರಿಸುವ ಸ್ವಿಚ್ ಒತ್ತಿದಾಗ ಬಲ್ಬ್ ಬೆಳ್ಳಗೆ ಉರಿದರೆ ವೈರಿಂಗ್ ಸರಿ. ಕೆಂಪಗೆ ಮಿಣುಕಿದರೆ ಅಥವಾ ಉರಿಯದಿದ್ದರೆ, ಬಲ್ಬ್ ಕಡೆ ನೋಡುತ್ತಲೇ ಬಾಗಿಲಿನ ಕೀಲಿನ ಹತ್ತಿರ ವೈರ್‌ಗಳು ಹಾದುಹೋಗುವ ರಬ್ಬರ್ ಕೊಳವೆಯನ್ನು ಹಿಸುಕಿ, ಎಳೆದು, ಬಗ್ಗಿಸಿ. ಫಕ್ಕನೆ ಉರಿಯಿತಾ? ಸಿಕ್ಕಿತು.

ಮೂವತ್ತು ವರ್ಷ ಆ ಬಾಗಿಲು ಎಷ್ಟು ಸಲ ತೆಗೆದು ಹಾಕಿದ್ದಾರೋ, ಅಷ್ಟು ಸಲವೂ ಆ ವೈರ್ ಅದೇ ಜಾಗದಲ್ಲಿ ಬಗ್ಗಿದೆ. ಕಂಪನಿಯ ತಪ್ಪು ಅಂತಲ್ಲ, ವಯಸ್ಸು. ಇದರಲ್ಲಿ ಒಂದು ಕುತಂತ್ರ ಇದೆ: ಮೇಲಿನ ಪ್ಲಾಸ್ಟಿಕ್ ಕವಚ ಹಾಗೇ ಇರುತ್ತದೆ, ಒಳಗಿನ ತಾಮ್ರ ಮಾತ್ರ ತುಂಡಾಗಿರುತ್ತದೆ. ನಾನೇ ಒಮ್ಮೆ ಸಕಲೇಶಪುರದ ಗಾಡಿಯೊಂದರಲ್ಲಿ ಎರಡು ದಿನ ಮೋಟರ್ ಬಿಚ್ಚಿ ಜೋಡಿಸಿ ಮಾಡಿದ್ದೆ. ರಬ್ಬರ್ ಕೊಳವೆ ಸರಿಸಿ ವೈರ್‌ಗಳನ್ನು ಕಣ್ಣಲ್ಲಿ ನೋಡಿಯೂ ಆಗಿತ್ತು, ಎಲ್ಲಾ ಹೊಸದರ ಹಾಗೇ ಇದ್ದವು. ಕೊನೆಗೆ ಸಿಟ್ಟು ಬಂದು ಒಂದೊಂದನ್ನೇ ಹಿಡಿದು ಎಳೆದೆ. ಒಂದು ವೈರ್ ರಬ್ಬರ್ ಬ್ಯಾಂಡಿನ ಹಾಗೆ ಉದ್ದ ಆಯಿತು! ಒಳಗೆ ತಾಮ್ರ ಇರಲೇ ಇಲ್ಲ. ಆವತ್ತಿನಿಂದ ನಾನು ವೈರನ್ನು ನೋಡುವುದಿಲ್ಲ, ಎಳೆದೇ ನೋಡುತ್ತೇನೆ.

ತುಂಡಾದ ಜಾಗದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿದ ಕಡೆ ವೈರ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ, ಬಗ್ಗುವ ಜಾಗದಲ್ಲಿ ಗಟ್ಟಿಯಾದದ್ದು ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಕೊಳವೆಯ ಎರಡೂ ಕಡೆ ಅರ್ಧ ಅಡಿ ಬಿಟ್ಟು ಹಳೆಯದನ್ನು ಕತ್ತರಿಸಿ, ನಡುವೆ ಹೊಸ ವೈರ್ ಹಾಕಿ. ಜೋಡಣೆ ಬಾಗಿಲೊಳಗೊಂದು, ಬಾಡಿಯೊಳಗೊಂದು ಇರಲಿ. ವೈರ್ 2.5 ಚದರ ಮಿಲಿಮೀಟರಿನದು, ತುಂಬಾ ಸಣ್ಣ ಎಳೆಗಳಿರುವ ಮೆತ್ತನೆಯ ಆಟೋ ವೈರ್. ಮನೆ ವೈರಿಂಗ್‌ನಲ್ಲಿ ಉಳಿದ ಗಟ್ಟಿ ವೈರ್ ತುಂಡು ಬೇಡವೇ ಬೇಡ. ಎಲ್ಲಾ ಜೋಡಣೆ ಒಂದೇ ಸಾಲಿಗೆ ಬಂದರೆ ಗಂಟು ದಪ್ಪವಾಗಿ ಕೊಳವೆಗೆ ಹೋಗುವುದಿಲ್ಲ, ಹಿಂದೆ ಮುಂದೆ ಮಾಡಿ. ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿ. ಒಂದು ವೈರ್ ಹೋಗಿದ್ದರೆ ಪಕ್ಕದವೂ ಅದೇ ವಯಸ್ಸಿನವು, ಬಿಚ್ಚಿದ ಮೇಲೆ ಎಲ್ಲವನ್ನೂ ಬದಲಿಸಿಬಿಡಿ. ಸಾಮಾನಿನ ಖರ್ಚು ನೂರರ ಲೆಕ್ಕದಲ್ಲಿ, ಸಾವಿರದ ಲೆಕ್ಕದಲ್ಲಲ್ಲ. ಕೂಲಿ ಬೇರೆ, ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ವೈರ್ ಎಲ್ಲಾ ಗಟ್ಟಿ ಇದ್ದರೆ? ಆಗ ಎರಡು ಕಡೆ ನೋಡಿ. ಒಂದು ಅರ್ಥ್, ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ವೈರ್. ನಮ್ಮ ಮಲೆನಾಡಿನ ಗಾಡಿಗಳಲ್ಲಿ ಅರ್ಥ್ ಸ್ಕ್ರೂ ಅಡಿ ತುಕ್ಕು ಇಲ್ಲದಿದ್ದರೆ ನನಗೇ ಆಶ್ಚರ್ಯ. ಬಿಚ್ಚಿ, ಲೋಹ ಹೊಳೆಯುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿ. ಇನ್ನೊಂದು ಬಾಗಿಲಿನ ಲಾಕ್. ಕೆಲವು ಗಾಡಿಗಳಲ್ಲಿ ಬಾಗಿಲು ಪೂರ್ತಿ ಲಾಕ್ ಆಗದಿದ್ದರೆ ಗಾಜು ಏರದ ಹಾಗೆ ಲಾಕ್ ಒಳಗೇ ಸಣ್ಣ ಸ್ವಿಚ್ ಇಟ್ಟಿರುತ್ತಾರೆ. ತೆರೆದ ಬಾಗಿಲಿನ ಮೇಲೆ ಗಾಜು ನಿಂತರೆ ಒಡೆಯುತ್ತದಲ್ವಾ, ಅದಕ್ಕೆ. ಈ ಸ್ವಿಚ್‌ಗೆ ಧೂಳು, ಗಟ್ಟಿಯಾದ ಗ್ರೀಸ್ ಮೆತ್ತಿಕೊಂಡರೂ ಬಾಗಿಲು ದಡಾರನೆ ಹಾಕಿದಾಗ ಮಾತ್ರ ಕೆಲಸ ಮಾಡುತ್ತದೆ, ನೀವು ಹೇಳಿದ ಹಾಗೆಯೇ.

ಬಲ್ಬ್ ಬೆಳ್ಳಗೆ ಉರಿದು, ಮೋಟರ್‌ಗೆ ಕೊಟ್ಟಾಗ ಸುಮ್ಮನಿದ್ದರೆ ಮಾತ್ರ ಮೋಟರ್ ಕಡೆ ಬನ್ನಿ. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ಹಾಕಿದ ವೈರ್ ತಂದು ನೇರ ಕೊಟ್ಟು ನೋಡಿ, ತಿರುಗದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್, ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು, ಸವೆದಿದೆ. ಹಾಗಿದ್ದರೂ ಹೊಸ ಸೆಟ್ ಬೇಕೆಂದಿಲ್ಲ. ಪಂಪ್‌ಸೆಟ್, ಮಿಕ್ಸಿ ಮೋಟರ್ ರಿಪೇರಿ ಮಾಡುವವರು ಹಾಸನ, ಚಿಕ್ಕಮಗಳೂರಲ್ಲಿ ಬೇಕಾದಷ್ಟಿದ್ದಾರೆ, ಅಳತೆಗೆ ಹತ್ತಿರದ ಕಾರ್ಬನ್ ಉಜ್ಜಿ ಕೂರಿಸಿಕೊಡುತ್ತಾರೆ. ಬಿಚ್ಚುವ ಮೊದಲು ಮೋಟರ್ ಡಬ್ಬಿಯ ಮೇಲೆ ಗೆರೆ ಹಾಕಿಟ್ಟುಕೊಳ್ಳಿ, ಒಳಗಿನ ಅಯಸ್ಕಾಂತ ತಿರುವಾಗಿ ಕೂತರೆ ಮೋಟರ್ ಉಲ್ಟಾ ಓಡುತ್ತದೆ.

ಇಲ್ಲಿ ಎಚ್ಚರ. ಗಾಜು ಎತ್ತುವ ಮಶೀನ್, ಅಂದರೆ ಆ ಕತ್ತರಿ ತೋಳಿನ ಲಿಫ್ಟರ್, ಅದಕ್ಕೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ದಪ್ಪ ಸ್ಪ್ರಿಂಗ್ ಇದ್ದರೆ, ಗಾಜು ಕೆಳಗಿರುವಾಗ ಅದು ಪೂರ್ತಿ ಬಿಗಿದುಕೊಂಡಿರುತ್ತದೆ. ಮೋಟರ್‌ನ ಬೋಲ್ಟ್ ತೆಗೆದ ಕ್ಷಣ ತೋಳು ಚಿಮ್ಮುತ್ತದೆ. ಬೆರಳು ಹೋದವರಿದ್ದಾರೆ. ತೋಳನ್ನು ಮೊದಲು ಬೋಲ್ಟ್ ಅಥವಾ ಕ್ಲಾಂಪ್ ಹಾಕಿ ಲಿಫ್ಟರ್‌ನ ತಗಡಿಗೆ ಬಿಗಿದು, ಆಮೇಲೆ ಮೋಟರ್ ಮುಟ್ಟಿ. ಇದನ್ನು ಮೊದಲ ಸಲ ಮನೆಯಲ್ಲಿ ಒಬ್ಬರೇ ಮಾಡುವುದು ಬೇಡ. ಗಾಜೂ ಅಷ್ಟೆ, ಅದು ಟೆಂಪರ್ಡ್, ನಡುವೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಸ್ಪ್ಯಾನರ್ ತಾಗಿದರೆ ಪೂರ್ತಿ ಪುಡಿ. ನಿಮ್ಮ ಗಾಡಿಗೆ ಇನ್ನೊಂದು ಗಾಜು ಹುಡುಕುವುದು ಮೋಟರ್ ಹುಡುಕುವುದಕ್ಕಿಂತ ಕಷ್ಟ. ಗಾಡಿಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡ್ ಸುತ್ತಿದರೂ ಸಿಗುವುದು ಅನುಮಾನ.

ಎಲ್ಲಾ ಸರಿಯಾಗಿ ಗಾಜು ಏರಿದ ಮೇಲೆ ಬಾಗಿಲಿನ ಅಡಿಯಲ್ಲಿರುವ ನೀರು ಹೋಗುವ ತೂತುಗಳಿಗೆ ಒಂದು ಕಡ್ಡಿ ಹಾಕಿ. ಒಣಗಿದ ಎಲೆ, ಮಣ್ಣು ಮೆತ್ತಿ ಅವು ಮುಚ್ಚಿರುತ್ತವೆ. ನೀರು ಒಳಗೇ ನಿಂತು ಮೋಟರ್, ಲಿಫ್ಟರ್, ಕೊನೆಗೆ ಬಾಗಿಲಿನ ತಗಡು, ಒಂದೊಂದಾಗಿ ತಿನ್ನುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ಇದನ್ನು ಮುಗಿಸಿ.

ಪ್ರಶ್ನೆ: ಹಾಸನದಿಂದ. ನನ್ನ ಹಳೇ ಕಾರಿನ ಡ್ರೈವರ್ ಬಾಗಿಲಿನ ಗಾಜು ಕೆಳಗೆ ಬಿದ್ದಿದೆ. ಸ್ವಿಚ್ ಒತ್ತಿದರೆ ಗರ್ರ್ ಅಂತ ಮೋಟರ್ ತಿರುಗುವ ಶಬ್ದ ಬರುತ್ತದೆ, ಗಾಜು ಕದಲುವುದಿಲ್ಲ. ಇದೂ ವೈರೇನಾ?

ಉತ್ತರ: ಅಲ್ಲ. ನಿಮ್ಮದು ಪೂರ್ತಿ ಬೇರೆ ಕಾಯಿಲೆ. ಮೋಟರ್ ತಿರುಗುತ್ತಿದೆ ಅಂದರೆ ಕರೆಂಟ್ ಸರಿ ಇದೆ. ಮೋಟರ್‌ಗೂ ಗಾಜಿಗೂ ನಡುವಿನ ಕೊಂಡಿ ಕಳಚಿದೆ. ತಂತಿಯ ಲಿಫ್ಟರ್ ಇದ್ದರೆ ತಂತಿ ತುಂಡಾಗಿದೆ ಅಥವಾ ಗಾಜು ಹಿಡಿದಿರುವ ಪ್ಲಾಸ್ಟಿಕ್ ತುಂಡು ಮುರಿದಿದೆ, ಇಲ್ಲದಿದ್ದರೆ ಮೋಟರ್‌ನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿದೆ. ಪದೇ ಪದೇ ಸ್ವಿಚ್ ಒತ್ತಬೇಡಿ, ಬಿಟ್ಟ ತಂತಿ ಒಳಗೆ ಸುತ್ತಿಕೊಂಡು ಉಳಿದದ್ದನ್ನೂ ಹಾಳುಮಾಡುತ್ತದೆ. ಪ್ಯಾನಲ್ ತೆಗೆಸಿ, ಗಾಜನ್ನು ಕೈಯಲ್ಲಿ ಎತ್ತಿ ಅಗಲದ ಟೇಪ್‌ನಿಂದ ಮೇಲಿನ ಚೌಕಟ್ಟಿಗೆ ಅಂಟಿಸಿ ನಿಲ್ಲಿಸಿ. ತುಂಬಾ ಮಾರಾಟವಾದ ಕಾರಾದರೆ ಲಿಫ್ಟರ್ ಸುಲಭವಾಗಿ ಸಿಗುತ್ತದೆ, ಹೊಸದನ್ನೇ ಹಾಕಿಸಿ. ಮುರಿದ ಪ್ಲಾಸ್ಟಿಕ್‌ಗೆ ಅಂಟು ಹಾಕಿ ಕೊಡುತ್ತೇನೆ ಅನ್ನುವವರ ಮಾತು ಕೇಳಬೇಡಿ, ಒಂದು ತಿಂಗಳೂ ಬಾಳುವುದಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿದ್ದೇನೆ. ಚಳಿಗಾಲದ ಬೆಳಿಗ್ಗೆ ನಾಲ್ಕೂ ಗಾಜು ತೆವಳುತ್ತಾ ಏರುತ್ತವೆ, ಅರ್ಧದಲ್ಲಿ ನಿಂತು ಒಂದು ನಿಮಿಷ ಬಿಟ್ಟು ಮತ್ತೆ ಏರುತ್ತವೆ. ಗಾಜು ಜಾರುವ ಚಾನಲ್‌ಗೆ ಗ್ರೀಸ್ ಹಚ್ಚಿದೆ, ಇನ್ನೂ ಹೆಚ್ಚಾಯಿತು.

ಉತ್ತರ: ಗ್ರೀಸ್ ಹಚ್ಚಿದ್ದೇ ತಪ್ಪಾಯಿತು. ಅದು ಧೂಳು ಹಿಡಿದು ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ಪೆಟ್ರೋಲಿಯಂ ಗ್ರೀಸಿಗೆ ಬೀಡಿಂಗ್ ರಬ್ಬರ್ ಊದಿಕೊಂಡು ಗಾಜನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅರ್ಧದಲ್ಲಿ ನಿಲ್ಲುವುದು ಮೋಟರ್ ಒಳಗಿನ ರಕ್ಷಣೆಯ ಕೆಲಸ. ಜಾಸ್ತಿ ಹೊತ್ತು ಒದ್ದಾಡಿ ಬಿಸಿಯಾದರೆ ಅದು ತಾನೇ ಕರೆಂಟ್ ಕಡಿದು, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ಅದನ್ನು ತೆಗೆದುಹಾಕಿ ನೇರ ಕನೆಕ್ಷನ್ ಕೊಡುವವರೂ ಇದ್ದಾರೆ, ಒಪ್ಪಬೇಡಿ. ತೆಳು ಬಟ್ಟೆಯನ್ನು ಸೋಪು ನೀರಲ್ಲಿ ಅದ್ದಿ, ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಗೆ ಸುತ್ತಿ ಚಾನಲ್ ಒಳಗೆ ಮೇಲಿಂದ ಕೆಳಗೆ ತಿಕ್ಕಿ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಗಾಜನ್ನು ನಾಲ್ಕೈದು ಸಲ ಓಡಿಸಿ, ಗಾಜಿಗೆ ಮೆತ್ತಿದ್ದನ್ನು ಒರೆಸಿಬಿಡಿ. ಇಲ್ಲದಿದ್ದರೆ ಮಂಜಿನಲ್ಲಿ ಕನ್ನಡಿ ಕಡೆ ನೋಡುವಾಗ ಏನೂ ಕಾಣಿಸುವುದಿಲ್ಲ.